ಪೆಟ್ಟು ಎಣಿಸಿದ ದಿನಗಳು

ಮೊನ್ನೆ ಹಳೇ ಬ್ಯಾಗು ಜಾಡಿಸುವಾಗ ಕೌಂಟರ್ ಒಂದು ಟಪ್ಪೆಂದು ಕೆಳಗೆ ಬಿತ್ತು. ಮುಷ್ಟಿಯಲ್ಲಿ ಹಿಡಿದು ಗುಂಡಿ ಒತ್ತಿದರೆ ಅಂಕಿ ಒಂದೊಂದೇ ಏರುವ ಪುಟ್ಟ ಯಂತ್ರ. ನಗಬೇಡಿ, ಅದು ಕೈಗೆ ಬಂದ ಹೊಸತರಲ್ಲಿ ನಾನು ಸಿಕ್ಕಿದ್ದನ್ನೆಲ್ಲ ಎಣಿಸಿದ್ದೇನೆ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಎಷ್ಟು ಸಲ ‘ಮುಂದ ಸರೀರಿ’ ಅಂದ, ಪಕ್ಕದವರು ಎಷ್ಟು ಸಲ ಆಕಳಿಸಿದರು, ಎಲ್ಲವನ್ನೂ.

ನನ್ನ ಕೆಲಸವೇ ಅದು. ಮಾತು ಬಾರದ, ತಮ್ಮನ್ನು ತಾವೇ ನೋಯಿಸಿಕೊಳ್ಳುವ ಮಕ್ಕಳ ಮನೆಗೆ ಹೋಗಿ, ಯಾವ ವರ್ತನೆ ಎಷ್ಟು ಸಲ, ಎಷ್ಟು ಹೊತ್ತು, ಅದಕ್ಕೆ ಮುಂಚೆ ಏನಾಯಿತು ಎಂದು ಬರೆದಿಡುವುದು. ‘ಹಠ ಮಾಡಿದಳು’ ಎಂದು ಬರೆದರೆ ನಮ್ಮ ಮೇಡಂ ಹಾಳೆಯನ್ನೇ ವಾಪಸ್ ಕೊಡುತ್ತಿದ್ದರು. “ಹಠ ಕಣ್ಣಿಗೆ ಕಾಣಸ್ತೈತೇನ್ರಿ? ಕಂಡಿದ್ದ ಬರೀರಿ.”

ಖಾನಾಪುರದ ಪದ್ದಿಗೆ ಆಗ ಆರು ವರ್ಷ. ಇದ್ದಕ್ಕಿದ್ದಂತೆ ತಲೆಯನ್ನು ಗೋಡೆಗೆ ಬಡಿದುಕೊಳ್ಳುವಳು. ತಿಂಗಳೊಳಗೆ ಎಣಿಕೆ ಇಳಿಯದಿದ್ದರೆ ದಿನವಿಡೀ ಹೆಲ್ಮೆಟ್ ಹಾಕಬೇಕು ಎಂದಿದ್ದರು ಮೇಡಂ. ನಮ್ಮಲ್ಲಿ ಒಬ್ಬರ ಎಣಿಕೆಯನ್ನು ನಂಬುವ ಪದ್ಧತಿ ಇಲ್ಲ. ಇಬ್ಬರು ಬೇರೆ ಬೇರೆ ಎಣಿಸಿ ತಾಳೆ ನೋಡಬೇಕು. ಎರಡನೆಯವರು ಪದ್ದಿಯ ಅಜ್ಜಿ, ಓಣಿಗೆಲ್ಲ ಆಯಿ. “ದಿನಾ ಬಸದಿಯೊಳಗ ನೂರಾಎಂಟು ಮಣಿ ಎಣಸ್ತೀನ್ರಿ, ನನಗ ಕಲಸಾಕ ಬರಬ್ಯಾಡ್ರಿ” ಎಂದು ಮೊದಲ ದಿನವೇ ನನ್ನ ಬಾಯಿ ಮುಚ್ಚಿಸಿದರು.

ತಾಳೆ ಮಾತ್ರ ಆಗಲೇ ಇಲ್ಲ. ನನ್ನದು ಹದಿನೆಂಟಾದರೆ ಅವರದು ನಾಲ್ಕು. ನನ್ನದು ಇಪ್ಪತ್ತು, ಅವರದು ಮೂರು. ವಾರ ಕಳೆಯುವಷ್ಟರಲ್ಲಿ ನನಗೆ ರೇಗಿಹೋಯಿತು.

“ಆಯಿ, ಹೆಲ್ಮೆಟ್ ತಪ್ಪಸಾಕ ಸುಳ್ಳ ಬರೀಬ್ಯಾಡ್ರಿ.”

ಅವರ ಮುಖ ಕೆಂಪಾಯಿತು. “ಹೆಲ್ಮೆಟ್ ನನಗ ಬ್ಯಾಡ, ಖರೇ. ತಲಿಗೆ ಹೂ ಮುಡಿಸಿದ್ರೂ ಕಿತ್ತ ಒಗಿಯೋ ಕೂಸದು. ಅದಕ್ಕಂತ ಸುಳ್ಳ ಬರೀಲೇನ? ನೀವು ಅದರ ಬೆನ್ನ ಹಿಂದ ಕುಂತ ಏನ ನೋಡ್ತೀರಿ? ಈ ಬಾಜೂಕ ಬರ್ರಿ.”

ಮಗುವಿನ ಗಮನ ಕೆಡದಿರಲೆಂದು ಹಿಂದೆ ಕೂರುವುದು ನನಗೆ ಕಲಿಸಿದ ಪಾಠ. ಅಂದು ಮೊದಲ ಸಲ ಎದ್ದು ಪಕ್ಕಕ್ಕೆ ಹೋದೆ. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಪದ್ದಿಯ ತಲೆ ಗೋಡೆಯತ್ತ ಹೋಗುವ ಮೊದಲೇ ಆಯಿಯ ಅಂಗೈ ಅಲ್ಲಿತ್ತು. ಧಪ್, ಧಪ್, ಧಪ್. ಆರನೆಯ ಸಲ ಕೈ ಜಾರಿ, ತಲೆ ನೇರ ಗೋಡೆಗೆ ತಗುಲಿತು. ಆಯಿ ಇನ್ನೊಂದು ಕೈಯಿಂದ ಹಾಳೆಯ ಮೇಲೆ ಒಂದು ಗೆರೆ ಎಳೆದರು.

“ಉಳಿದ ಐದು?” ಎಂದೆ.

“ಅವು ನನ್ನ ಕೈಗೆ ಬಿದ್ದೂವಲ್ರೀ. ಕೂಸಿಗೆಲ್ಲಿ ಪೆಟ್ಟಾತು?”

ಅವರ ಕೈಯ ಹಿಂಭಾಗ ನೀಲಿಗಟ್ಟಿತ್ತು. ವಾರವಿಡೀ ಅದೇ ಕೋಣೆಯಲ್ಲಿ ಕೂತಿದ್ದರೂ, ಆಯಿ ಮಗುವನ್ನು ಬರೀ ಸಮಾಧಾನ ಮಾಡುತ್ತಿದ್ದಾರೆ ಎಂದು ನಾನು ಅಂದುಕೊಂಡಿದ್ದೆ. ನಾಚಿಕೆಯಿಂದ ಸತ್ತುಹೋದಂತಾಯಿತು.

ಮೇಡಂ ಕೇಳಿ ನಕ್ಕರು, ಆಮೇಲೆ ಇಬ್ಬರ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟು ಮತ್ತೆ ಓದಿದರು. ಗೋಡೆಗೆ ಗಾದಿ ಕಟ್ಟಿಸಿದೆವು. ಸೀಟಿ ಕೇಳಿದೊಡನೆ ಆಯಿಯ ಕೈ ತಾನಾಗಿ ಗೋಡೆಗೆ ಹೋಗುವುದನ್ನು ಕಂಡ ಮೇಲೆಯೇ, ಪದ್ದಿಗೆ ಆಗದ್ದು ಆ ಸೀಟಿ ಎಂದು ನಮಗೂ ತಿಳಿಯಿತು, ಆಯಿಗೂ ತಿಳಿಯಿತು. ಮರುದಿನದಿಂದ ಬೇಳೆ ಕುಕ್ಕರ್ ಬಿಟ್ಟು ಪಾತ್ರೆಯಲ್ಲಿ ಬೆಂದಿತು. ತಿಂಗಳ ಕೊನೆಗೆ ನನ್ನ ಅಂಕಿಯೂ ಇಳಿಯಿತು, ಹೆಲ್ಮೆಟ್ ಮಾತು ಯಾರೂ ಎತ್ತಲಿಲ್ಲ.

ಈಗ ಹೊಸ ಮನೆಗೆ ಹೋದರೆ ಮೊದಲ ದಿನ ನಾನು ಏನನ್ನೂ ಎಣಿಸುವುದಿಲ್ಲ. ಚಹಾ ತಂದುಕೊಡುತ್ತಾರಲ್ಲ, ಆಗ ಅವರ ಕೈಗಳನ್ನು ನೋಡುತ್ತೇನೆ.