ಕ್ರೇನ್ ಬರುವವರೆಗೆ

ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮ ಪಕ್ಕದ ಮನೆಯವರು ಗೂಡ್ಸ್ ರೈಲಿನ ಗಾರ್ಡಾಗಿ ನಿವೃತ್ತರಾದವರು. ನಿವೃತ್ತಿ ಕಾಗದದಲ್ಲಿ ಮಾತ್ರ. ಹಾಲ್ ತುಂಬ ಹಲಗೆ ಹಾಸಿ, ಶಿವಮೊಗ್ಗದಿಂದ ಭದ್ರಾವತಿಗೆ ಆಟಿಕೆ ಹಳಿ ಎಳೆದು, ಪ್ರತಿ ಭಾನುವಾರ ಅದಿರಿನ ಗಾಡಿ ಓಡಿಸುತ್ತಿದ್ದರು. ನಾನು ಅವರ ಸ್ಟೇಷನ್ ಮಾಸ್ಟರ್. ಆ ಕೆಲಸಕ್ಕೆ ನಾನೇನೂ ಅರ್ಜಿ ಹಾಕಿರಲಿಲ್ಲ. ಚೀಟಿ ಬರೆಯದೆ ಒಂದು ವ್ಯಾಗನ್ ಮುಟ್ಟಿದರೂ ಕನ್ನಡಕ ಹಣೆಗೇರಿಸಿ, "ರೂಲ್ಸು ಅಂದ್ರೆ ರೂಲ್ಸು ಮಾರಾಯ" ಎನ್ನುತ್ತಿದ್ದರು.

ಒಂದು ಭಾನುವಾರ ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನ ತಂಗಿಯ ಮಗುವಿನ ನಾಮಕರಣವಿತ್ತು. ಬಸ್ಸಿಗೆ ಹೊರಟಿದ್ದ ನನ್ನನ್ನು "ಒಂದೇ ಗಾಡಿ" ಎಂದು ಕೂರಿಸಿಕೊಂಡರು. ಬೆಂಕಿಪೊಟ್ಟಣದಷ್ಟಿದ್ದ ವ್ಯಾಗನ್ ಒಂದು ಹಳಿ ತಪ್ಪಿತು.

"ಎತ್ತಿಟ್ಟು ಹೋಗ್ತೀನಿ ಸಾರ್," ಎಂದೆ.

"ಐವತ್ತು ಟನ್ ಅದಿರು! ಬೆರಳಲ್ಲಿ ಎತ್ತಕ್ಕಾಗುತ್ತಾ? ಶಿವಮೊಗ್ಗದಿಂದ ಕ್ರೇನ್ ಬರ್ಬೇಕು, ಎರಡು ಗಂಟೆ. ಅಲ್ಲೀವರೆಗೆ ನೀನು ಸ್ಟೇಷನ್ ಬಿಡೋ ಹಾಗಿಲ್ಲ. ರೂಲ್ಸು ಅಂದ್ರೆ ರೂಲ್ಸು ಮಾರಾಯ."

ಹಲ್ಲು ಕಚ್ಚಿಕೊಂಡು ಕೂತೆ. ಬಸ್ಸು ಹೋಯಿತು. ಅಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿದ್ದೂ ಆಗಿರಬೇಕು. ಒಂದು ಗಂಟೆಯ ಮೇಲೆ ಅವರ ಹೆಂಡತಿ ಕಾಫಿ ತಂದರು. ಲೋಟ ಇಡಲು ಜಾಗವಿಲ್ಲದೆ ಅಡ್ಡ ಬಿದ್ದಿದ್ದ ವ್ಯಾಗನ್ನನ್ನು ಎರಡೇ ಬೆರಳಲ್ಲಿ ಎತ್ತಿ ಹಳಿಯ ಮೇಲಿಟ್ಟು ಒಳಗೆ ಹೋದರು.

ಯಜಮಾನರು ಗಡಿಯಾರ ನೋಡಿದರು. ರಿಜಿಸ್ಟರಿನಲ್ಲಿ ನಿಧಾನವಾಗಿ ಬರೆದು, ಸಹಿ ಹಾಕು ಎಂದು ನನ್ನತ್ತ ತಳ್ಳಿದರು: "ಕ್ರೇನ್ ಒಂದು ಗಂಟೆ ಮುಂಚಿತವಾಗಿ ಬಂದಿದೆ."