ಬಿಡಿಸಿ ಹೇಳಿದ ಎಂಟ್ವಿಸಲ್

ವಿಲ್ಫ್ರೆಡ್ ಎಂಟ್ವಿಸಲ್ ಪುರಸಭೆಯ ಗುಮಾಸ್ತ, ಬಡಪಾಯಿ. ಭಾನುವಾರ ಚರ್ಚಿನಲ್ಲಿ ಕಾಣಿಕೆ ತಟ್ಟೆ ಹಿಡಿದು ಸಾಲುಸಾಲಿಗೂ ಹೋಗುವುದೇ ಅವನ ಬದುಕಿನ ದೊಡ್ಡ ಮರ್ಯಾದೆ. ತಟ್ಟೆಯನ್ನು ಶನಿವಾರವೇ ಮನೆಗೊಯ್ದು ಉಜ್ಜಿ ಫಳಫಳ ಮಾಡಿ ತರುತ್ತಿದ್ದ.

ನಮ್ಮದು ಲ್ಯಾಂಕಷೈರಿನ ಕಡಲ ದಂಡೆ. ಯುದ್ಧ ಮುಗಿದ ಹೊಸತು. ಬೇಸಿಗೆಯಲ್ಲಿ ಗಿರಣಿ ಊರುಗಳ ಜನವೆಲ್ಲ ಇಲ್ಲೇ. ಕಡಲ ಕಟ್ಟೆಯ ನಾಟಕಶಾಲೆಯಲ್ಲಿ ಟಿಕೆಟ್ ಕೊಡುತ್ತಿದ್ದವಳು ನಾನು. ಆ ವರ್ಷ ಲೆನ್ ಫಿಚ್ ಎಂಬ ಹಾಸ್ಯಗಾರ ಬಂದಿದ್ದ.

"ಪಕ್ಕದ್ಮನೆ ವಿಧವೆ ನನ್ನ ಸೋರೆಕಾಯಿ ನೋಡಿ, ಅಬ್ಬಾ ಅಂದ್ಲು..." ಎಂದು ನಿಲ್ಲಿಸಿಬಿಡುತ್ತಿದ್ದ. ಜನ ಬಿದ್ದು ಬಿದ್ದು ನಕ್ಕರೆ ಗದರುತ್ತಿದ್ದ: "ಥೂ! ನಾನು ತೋಟದ ವಿಷ್ಯ ಹೇಳ್ತಿದ್ರೆ ನಿಮ್ ತಲೇಲಿ ಏನ್ರೀ ಇದೆ?"

ಯಾರೋ ದೂರು ಕೊಟ್ಟರು. ಆಟ ನೋಡಿ ಬರಲು ಪುರಸಭೆಯ ಸಮಿತಿ ವಿಲ್ಫ್ರೆಡನನ್ನು ಕಳಿಸಿತು. ಹೆಂಡತಿ ಹಿಲ್ಡಾಳೊಂದಿಗೆ ಬಂದ. ಅವರ ಮುಂದಿನ ಸಾಲಲ್ಲೇ ಸಮಿತಿಯ ಅಧ್ಯಕ್ಷ ಥ್ರೆಲ್‌ಫಾಲ್ ಸಾಹೇಬರು. ಕಣ್ಣೀರು ಒರೆಸಿಕೊಂಡು ನಕ್ಕರು, ನಾನೇ ನೋಡಿದೆ.

ಸಮಿತಿಯಲ್ಲಿ ನಡೆದದ್ದನ್ನು ಅಲ್ಲಿ ಚಹಾ ಕೊಡುವ ನನ್ನ ತಂಗಿ ಹೇಳಿದಳು.

"ಮಾತಲ್ಲೇನೂ ತಪ್ಪಿಲ್ಲ ಸಾಹೇಬ್ರೆ. ಮಧ್ಯ ಸುಮ್ಮನಾಗ್ತಾನಲ್ಲ, ತಪ್ಪಿರೋದು ಅಲ್ಲಿ," ಅಂದನಂತೆ ವಿಲ್ಫ್ರೆಡ್.

"ಸುಮ್ಮನಾದ್ರೆ ಏನರ್ಥ? ಬಿಡಿಸಿ ಹೇಳಪ್ಪ," ಅಂದರಂತೆ ಥ್ರೆಲ್‌ಫಾಲ್ ಸಾಹೇಬರು.

ಅಯ್ಯೋ ಪೆದ್ದ! ತಲೆ ಕೆರೆದುಕೊಂಡು ಜಾರಿಕೊಳ್ಳಬಾರದಿತ್ತೇ? ಕೆಲಸದಲ್ಲಿ ನಿಯತ್ತು ನೋಡಿ, ಬೆವರುತ್ತ ಬಿಡಿಸಿ ಹೇಳಿಯೇಬಿಟ್ಟ.

"ಛೀ! ನಮಗ್ಯಾರಿಗೂ ಹಾಗನ್ನಿಸ್ಲಿಲ್ಲವಲ್ಲ," ಅಂದರು ಸಾಹೇಬರು. ಉಳಿದವರು ಮೇಜು ನೋಡಿದರು.

ಸಂಜೆಯೊಳಗೆ ಊರೆಲ್ಲ ಸುದ್ದಿ. "ಏನ್ ವಿಲ್ಫ್, ತೋಟ ಹೇಗಿದೆ?" ಎಂದು ಮೀನಿನಂಗಡಿಯಲ್ಲಿ ಕೆಣಕಿದರು. ನಾಚಿಕೆಗೆ ಹಿಡಿಯಷ್ಟಾದ. ತರಕಾರಿ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟ.

ಆದರೂ ಶನಿವಾರ ತಟ್ಟೆ ಉಜ್ಜಿದ. ಭಾನುವಾರ ಥ್ರೆಲ್‌ಫಾಲ್ ಸಾಹೇಬರು ಅದನ್ನು ಅವನ ಕೈಯಿಂದ ತೆಗೆದುಕೊಂಡು, "ನಾನೇ ಹಿಡೀತೀನಿ, ಬಿಡು" ಅಂದರು. ಅವನು ಹೋಗಿ ತಲೆ ತಗ್ಗಿಸಿ ಕೂತ. ತಟ್ಟೆ ಹಿಲ್ಡಾಳ ಮುಂದೆ ಬಂದಾಗ ಅವಳು ಕಾಸು ಹಾಕದೆ ಎದ್ದು ನಿಂತಳು.

"ಅವತ್ತು ನಾನೂ ನಕ್ಕೆ ಸಾಹೇಬ್ರೆ, ನಿಮ್ಮ ಬೆನ್ನ ಹಿಂದೇನೇ. ನನ್ನ ಕಾಸು ಈ ತಟ್ಟೇಲಿ ನಡೆಯುತ್ತಾ?"

"ಕೂತ್ಕೊಳ್ಳೇ ಹಿಲ್ಡಾ," ವಿಲ್ಫ್ರೆಡ್ ಅವಳ ತೋಳು ಜಗ್ಗಿದ.

ಲೆನ್ ಫಿಚ್ ನಿಲ್ಲಿಸುತ್ತಿದ್ದನಲ್ಲ, ಅಷ್ಟೇ ಹೊತ್ತು ಇಡೀ ಚರ್ಚು ಸುಮ್ಮನಾಯಿತು. ನನಗೂ ತಲೆಯೆತ್ತಲಾಗಲಿಲ್ಲ. ಸಾಹೇಬರ ಕೈಯಲ್ಲಿ ತಟ್ಟೆಯ ಚಿಲ್ಲರೆ ಗಲಗಲ ಅನ್ನುತ್ತಿತ್ತು.