ದೋಣಿ ಪುಸ್ತಕದಲ್ಲಿ ಬರೆದ ಹೆಸರು

ಕಲೈ, ಆ ಶನಿವಾರ ದೋಣಿಯಲ್ಲಿದ್ದವಳು ನಾನು. ಹಲಸೂರು ಕೆರೆಯ ದೋಣಿ ಪುಸ್ತಕದಲ್ಲಿ ನಿನ್ನ ಹೆಸರು ಬರೆದವಳೂ ನಾನೇ. ಹನ್ನೆರಡು ವರ್ಷ ಈ ಮಾತನ್ನು ಬಾಯಿಗೆ ತಾರದೆ ಬದುಕಿದೆ — ಬದುಕಿದೆ ಅಂದರೆ ಉಂಡೆ, ಮಲಗಿದೆ, ಮದುವೆಯಾದೆ, ಮಗಳನ್ನು ಹೆತ್ತೆ. ಪಾಪ ಮಾಡಿದವರಿಗೆ ನಿದ್ದೆ ಬರುವುದಿಲ್ಲ ಅನ್ನುತ್ತಾರಲ್ಲ, ಅದು ಸುಳ್ಳು. ಚೆನ್ನಾಗಿಯೇ ಬರುತ್ತದೆ.

ನಿನಗೆ ಗೊತ್ತಿರುವುದು ಅರ್ಧ ಕಥೆ. ಉಳಿದರ್ಧ ನನ್ನ ಹತ್ತಿರ ಇದೆ.

ತೊಂಬತ್ತರ ದಶಕದ ನಡುವಿನ ಆ ವರ್ಷ ನಾವಿಬ್ಬರೂ ಎರಡನೇ ಪಿಯುಸಿ. ಕೆರೆ ಪಕ್ಕದ ಈಜುಕೊಳದಲ್ಲಿ ಸಂಜೆ ಹೆಂಗಸರಿಗೆಂದು ಬಿಟ್ಟ ಒಂದು ಗಂಟೆ ನೀನು ಈಜುತ್ತಿದ್ದೆ, ನಾನು ನಿನ್ನ ಟವೆಲ್ ಮಡಿಲಲ್ಲಿಟ್ಟುಕೊಂಡು ಬೆಂಚಿನ ಮೇಲೆ ಕಡಲೇಕಾಯಿ ತಿನ್ನುತ್ತಿದ್ದೆ. ನಿನ್ನನ್ನು ಅಲ್ಲಿಗೆ ಸೇರಿಸಿದವರು ನಿನ್ನಪ್ಪ. ಹಲಸೂರು ಬಜಾರಿನಲ್ಲಿ ಮನೆ ಮುಂದಿನ ಹೂವಿನಂಗಡಿಯಲ್ಲಿ ಕೂತು ಮಾಲೆ ಕಟ್ಟುತ್ತಲೇ ಹೇಳುತ್ತಿದ್ದರು: "ನಾನು ಈಜು ಕಲ್ತಿದ್ದು ಕೆರೇಲೇ ಕಣಮ್ಮಾ. ದ್ವೀಪ ಮುಟ್ಟಿ ವಾಪಸ್ ಬರ್ತಿದ್ದೆ!" ಅವರ ಅಮ್ಮನ ಕಾಲಕ್ಕೆ ಆ ನೀರನ್ನು ಬಿಂದಿಗೆಯಲ್ಲಿ ಹೊತ್ತು ತಂದು ಕುಡಿಯುತ್ತಿದ್ದರಂತೆ. ನಮ್ಮ ಕಾಲಕ್ಕೆ ಸುತ್ತಲ ಚರಂಡಿಗಳೆಲ್ಲ ಅದಕ್ಕೇ ಬಂದು ಸೇರಿ, ಅಂತರಗಂಗೆ ಕಳೆ ಬೆಳೆದು, ಅದು ಇಳಿಯುವ ನೀರಾಗಿ ಉಳಿದಿರಲಿಲ್ಲ. ದೋಣಿಯಲ್ಲಿ ಕೂತು ಮೇಲಿನಿಂದ ನೋಡುವ ನೀರಾಗಿತ್ತು. ಅದಕ್ಕೇ ಮಗಳಿಗೆ ಕೊಳ. ಆ ಬೇಸಿಗೆಯಲ್ಲಿ ರಾಜ್ಯ ತಂಡದ ಆಯ್ಕೆಗೆ ನೀನು ಹೋಗುವವಳಿದ್ದೆ. ಬೀದಿಯ ಹೂವಿನವರಿಗೆಲ್ಲ ಅವರು ಆಗಲೇ ಸುದ್ದಿ ಮುಟ್ಟಿಸಿಯಾಗಿತ್ತು.

ನನಗೋ ಆಗ ಪ್ರೀತಿಯ ಹುಚ್ಚು. ಅವನ ಹೆಸರು ಇಲ್ಲಿ ಬೇಡ — ಅಷ್ಟು ಬೆಲೆಯವನಲ್ಲ ಅವನು. ನಿನಗೂ ಹೇಳಿರಲಿಲ್ಲ. ಮೈ ಬಿಸಿಯಾಗಿದೆ, ಇವತ್ತು ಬರಲ್ಲ ಅಂತ ನಿನ್ನನ್ನು ಒಬ್ಬಳೇ ಕೊಳಕ್ಕೆ ಕಳಿಸಿ, ನಾನು ಅವನ ಜೊತೆ ಪೆಡಲ್ ದೋಣಿಗೆ ಹೋದೆ.

ದೋಣಿ ಹತ್ತುವ ಮೊದಲು ಪುಸ್ತಕದಲ್ಲಿ ಹೆಸರು, ವಿಳಾಸ ಬರೆಯಬೇಕಿತ್ತು. ನೀರಲ್ಲಿ ಏನಾದರೂ ಆದರೆ ಮನೆಗೆ ತಿಳಿಸಬೇಕಲ್ಲ. ಜೋಡಿಗಳು ಯಾರೂ ನಿಜ ಬರೆಯುತ್ತಿರಲಿಲ್ಲ. ಆ ಪುಸ್ತಕ ನಂಬಿದರೆ ಬೆಂಗಳೂರಿನ ಲಕ್ಷ್ಮಿಯರೆಲ್ಲ ಶನಿವಾರ ಅದೇ ಕೆರೆಯಲ್ಲಿ ತೇಲುತ್ತಿದ್ದರು! ನಾನೂ ಒಬ್ಬ ಲಕ್ಷ್ಮಿಯಾಗಬಹುದಿತ್ತು. ಆದರೆ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, "ಎಲ್ಲಮ್ಮಾ ಮನೆ? ಸರಿಯಾಗಿ ಬರೀಬೇಕು," ಅಂದಾಗ ಸುಳ್ಳು ವಿಳಾಸ ಒಂದೂ ಹೊಳೆಯಲಿಲ್ಲ. ನಮ್ಮ ಮನೆಯದು ಬಿಟ್ಟರೆ ನನಗೆ ಬಾಯಿಪಾಠವಿದ್ದ ವಿಳಾಸ ಒಂದೇ. ಬರೆದೆ. ಮನೆ ನಂಬರಿನ ಸಮೇತ ಬರೆದೆ.

ದ್ವೀಪದ ಹಿಂದೆ ಪೆಡಲಿಗೆ ಅಂತರಗಂಗೆ ಸುತ್ತಿಕೊಂಡಿತು. ಎಷ್ಟು ತುಳಿದರೂ ದೋಣಿ ಅಲ್ಲಾಡಲಿಲ್ಲ. ಅರ್ಧ ಗಂಟೆಗೆ ಬರಬೇಕಾದ ದೋಣಿ ಒಂದು ಗಂಟೆ ಕಳೆದರೂ ಬರದಿದ್ದಾಗ ಗುಮಾಸ್ತ ಹೆದರಿ, ಒಬ್ಬನನ್ನು ನಮ್ಮನ್ನು ಹುಡುಕಲು, ಇನ್ನೊಬ್ಬನನ್ನು ಪುಸ್ತಕದಲ್ಲಿದ್ದ ವಿಳಾಸಕ್ಕೆ ಕಳಿಸಿದ.

ಹುಡುಕಿ ಬಂದ ಅಂಬಿಗ ಬೈಯುತ್ತಲೇ ನಮ್ಮನ್ನು ಎಳೆದು ತಂದು ಹತ್ತಿರದ ಮೆಟ್ಟಿಲಿಗೆ ಇಳಿಸಿದ. ಓಡಿದೆವು. ರಸ್ತೆಯಾಚೆ ಬಸ್ ಸ್ಟಾಪಿನಿಂದ ತಿರುಗಿ ನೋಡಿದಾಗ ನಿನ್ನಪ್ಪ ಕಂಡರು. ಕಾಲಲ್ಲಿ ಚಪ್ಪಲಿಯಿಲ್ಲ. ಮಗಳು ಮುಳುಗಿದಳೆಂದೇ ಓಡಿ ಬಂದಿದ್ದರು. ಗುಮಾಸ್ತ ಮೆಟ್ಟಿಲ ಕಡೆ ಕೈ ತೋರಿಸಿ ಏನೋ ಹೇಳಿದ, ಆಮೇಲೆ ಪುಸ್ತಕವನ್ನು ಅವರ ಕಡೆ ತಿರುಗಿಸಿದ. ಅವರು ಬಗ್ಗಿ ಓದಿದರು. ನಾನು ರಸ್ತೆ ದಾಟಿ, ಅಂಕಲ್, ಅದು ನಾನು ಅಂದಿದ್ದರೆ — ಅಷ್ಟೇ ಸಾಕಿತ್ತು. ಬಸ್ ಬಂತು, ಹತ್ತಿದೆ.

ನೀನು ಮನೆ ಸೇರಿದಾಗ ನಿನ್ನ ಕೂದಲು ಒದ್ದೆ. ಕೊಳದಿಂದ ಬಂದವಳ ಕೂದಲು ಒದ್ದೆಯಿರದೆ ಇನ್ನೇನು? ಅವತ್ತು ಅದೇ ನಿನ್ನ ಮೇಲೆ ಸಾಕ್ಷಿ ಹೇಳಿತು. ಕೊಳದವರನ್ನು ಕೇಳಿ ಅಂತ ನೀನು ಅತ್ತರೂ ಅವರು ಕೇಳಲು ಹೋಗಲಿಲ್ಲ. ದೋಣಿಯವನು ಅಂಗಡಿ ಮುಂದೆ ನಿಂತು, "ನಿಮ್ ಹುಡುಗಿ ಯಾವನ್ ಜೊತೇಲೋ ಕೆರೇಲಿ ಸಿಕ್ಕಾಕೊಂಡವ್ಳೆ," ಅಂತ ಬೀದಿಗೆಲ್ಲ ಕೇಳುವಂತೆ ಕೂಗಿದ್ದನಂತಲ್ಲ. ಆಮೇಲೆ ಯಾರನ್ನೂ ಏನನ್ನೂ ಕೇಳುವ ತ್ರಾಣ ಅವರಲ್ಲಿ ಉಳಿದಿರಲಿಲ್ಲವೇನೋ.

ಮರುದಿನ ನಿನ್ನಮ್ಮ ನಮ್ಮ ಕ್ವಾರ್ಟರ್ಸಿಗೆ ಬಂದರು. ಪಕ್ಕದಲ್ಲೇ ನನ್ನಪ್ಪ ಪೇಪರ್ ಓದುತ್ತಿದ್ದರು.

"ವಿಮಲಾ, ಸಾಮಿ ಸತ್ಯವಾಗಿ ಹೇಳಮ್ಮಾ. ನೆನ್ನೆ ಕಲೈ ಕೊಳದಲ್ಲೇ ಇದ್ಲು ತಾನೆ? ನೀನು ದಿನಾ ಜೊತೇಲಿರ್ತೀಯಲ್ಲ."

"ನೆನ್ನೆ ನಾನು ಕೊಳಕ್ಕೆ ಹೋಗಿರ್ಲಿಲ್ಲ ಆಂಟಿ."

ಒಂದಕ್ಷರ ಸುಳ್ಳಿಲ್ಲ ಅದರಲ್ಲಿ! ಎಷ್ಟು ವರ್ಷ ಅದನ್ನೇ ಹಿಡಿದುಕೊಂಡು ಕೂತಿದ್ದೆ ಗೊತ್ತೇ — ನಾನು ಸುಳ್ಳು ಹೇಳಿಲ್ಲ, ಹೇಳಿಲ್ಲ ಅಂತ. ನಿನ್ನಮ್ಮ ಕಾಫಿಯನ್ನೂ ಕುಡಿಯದೆ ಎದ್ದು ಹೋದರು.

ನಿನ್ನ ಈಜು ಅಲ್ಲಿಗೇ ನಿಂತಿತು. ಆಯ್ಕೆಯ ದಿನ ನೀನು ವೆಲ್ಲೂರಿನ ಚಿಕ್ಕಮ್ಮನ ಮನೆಯಲ್ಲಿದ್ದೆ. ವರ್ಷ ತುಂಬುವುದರೊಳಗೆ ಆ ಊರಿನವನ ಜೊತೆಗೇ ಮದುವೆ. ಆ ಮದುವೆಗೆ ನಾನು ಬಂದಿದ್ದೆ, ನಿನಗೆ ಹೂ ಮುಡಿಸಿದೆ. ಆಗ ನೀನು ಮೆಲ್ಲಗೆ ಕೇಳಿದೆ, "ನನ್ ಮೇಲೆ ಯಾರಿಗೇ ವಿಮಲಾ ಅಷ್ಟು ದ್ವೇಷ?" ಯಾರೋ ಹೊಟ್ಟೆಕಿಚ್ಚಿನವರು ಅಂದೆ. ನಿನ್ನ ಜಡೆ ಹಿಡಿದುಕೊಂಡೇ ಅಂದೆ.

ನಿನ್ನಪ್ಪ ತೀರಿಕೊಂಡರೆಂದು ನನಗೆ ತಿಳಿದದ್ದು ತಿಂಗಳು ಕಳೆದ ಮೇಲೆ. ಹೋದ ಭಾನುವಾರ ಹಲಸೂರಿಗೆ ಹೋದೆ. ನಿನ್ನಮ್ಮನೇ ಹೇಳಿದರು — ಕೊನೆಯ ದಿನಗಳಲ್ಲಿ ಅವರು ನಿನ್ನನ್ನು ಕರೆಸಿಕೊಂಡು, "ಒಂದ್ಸಲ ಒಪ್ಕೊಂಡ್ಬಿಡು ನನ್ ಕಣ್ಣು, ನಾನು ಎಲ್ಲಾ ಮರ್ತುಬಿಡ್ತೀನಿ," ಅಂದರಂತೆ. ಮಾಡದೇ ಇರೋದನ್ನ ಹೆಂಗಪ್ಪಾ ಒಪ್ಕೊಳ್ಳಲಿ ಅಂದೆಯಂತೆ ನೀನು. ಅವರು ಗೋಡೆ ಕಡೆ ಹೊರಳಿದವರು ಮತ್ತೆ ನಿನ್ನ ಕಡೆ ತಿರುಗಲಿಲ್ಲವಂತೆ.

ಅಲ್ಲೇ, ಅವರು ಹಾಸಿದ ಚಾಪೆಯ ಮೇಲೆ ಕೂತು, ಎಲ್ಲ ಹೇಳಿದೆ. ನಿನ್ನಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. "ಎರಡು ತಿಂಗಳು ಮುಂಚೆ ಬಂದಿದ್ರೂ ಆಗ್ತಿತ್ತಲ್ಲಮ್ಮಾ," ಅಂದರು.

ನಿನಗೆ ತಾವು ಹೇಳುವುದಿಲ್ಲವಂತೆ. ನಾನೇ ಹೇಳಬೇಕಂತೆ. ನಾಳೆ ಬೆಳಗ್ಗೆ ವೆಲ್ಲೂರಿನ ಬಸ್ಸು ಹತ್ತುತ್ತೇನೆ. ಎದುರಿಗೆ ನಿಂತಾಗ ಮತ್ತೆ ನಾಲಿಗೆ ತಪ್ಪಿಸಿಕೊಂಡೀತು ಅಂತ ಇದನ್ನು ಬರೆದಿಟ್ಟುಕೊಂಡಿದ್ದೇನೆ. ನಿನ್ನ ಕೈಗೆ ಕೊಟ್ಟು, ನೀನು ಓದಿ ಮುಗಿಸುವವರೆಗೆ ಬಾಗಿಲಲ್ಲಿ ನಿಂತಿರುತ್ತೇನೆ. ಕ್ಷಮಿಸು ಅಂತ ಮಾತ್ರ ಕೇಳುವುದಿಲ್ಲ ಕಲೈ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ.